ಏಳನೇ ಕ್ಲಾಸಿನ ಗದ್ಯಭಾಗ: ‘ಆಶಯ’, ‘ಧ್ವನಿ’, ‘ಊಹಿಸಿ’ – ಇವನ್ನು ಮಕ್ಕಳಿಗೆ ಹೇಗೆ ಹೇಳಿಕೊಡುತ್ತೀರಿ?

ಮೂಡಿಗೆರೆ ಅಮ್ಮ
ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಓದುವುದರಲ್ಲಿ ಹಿಂದೆ ಇಲ್ಲ. ಕಥೆ ಪುಸ್ತಕ ಸಿಕ್ಕರೆ ಊಟ ಮರೆಯುತ್ತಾಳೆ. ಆದರೆ ‘ಗದ್ಯಭಾಗ ಓದಿ ಉತ್ತರಿಸಿ’ ಅಂತ ಬಂದರೆ ಹತ್ತಕ್ಕೆ ಮೂರು, ನಾಲ್ಕು. ಈ ವಾರ ಟ್ಯೂಷನ್‌ನಲ್ಲಿ ಕೊಟ್ಟ ಹಾಳೆ ನೋಡಿ ಮೊದಲು ನಗು ಬಂತು, ಆಮೇಲೆ ಚಿಂತೆ ಆಯಿತು. ಹಾಳೆಯಲ್ಲಿ ಇದ್ದದ್ದು ಇಷ್ಟು:

‘ಅಜ್ಜಿ ಜಗುಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಕಣದ ತುಂಬ ಕಾಫಿ ಹರಡಿತ್ತು. ಪಡುವಣ ಗುಡ್ಡದ ಮೇಲೆ ಸಣ್ಣದೊಂದು ಮೋಡ. ಬೇರೆ ಯಾರೂ ಅತ್ತ ನೋಡಲಿಲ್ಲ. ಅಜ್ಜಿ ಎದ್ದಳು, ಬಾಯಲ್ಲಿದ್ದದ್ದನ್ನು ಉಗಿದಳು, ಮೂಲೆಯಲ್ಲಿದ್ದ ಟಾರ್ಪಲ್ ಎಳೆದಳು. “ಡಿಸೆಂಬರ್‌ನಲ್ಲಿ ಎಂಥ ಮಳೆ ಅಜ್ಜಿ?” ಎಂದು ಮೊಮ್ಮಗ ನಕ್ಕ. ಅಜ್ಜಿ ಉತ್ತರ ಕೊಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹಂಚಿನ ಮೇಲೆ ಪಟಪಟ ಸದ್ದಾಯಿತು. ಮೊಮ್ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ.’

ಇನ್ನು ಪ್ರಶ್ನೆಗಳು, ಮಗಳ ಉತ್ತರ.

ಅಜ್ಜಿಯ ಸ್ವಭಾವದ ಬಗ್ಗೆ ಏನನ್ನು ಊಹಿಸಬಹುದು? – ‘ಗದ್ಯಭಾಗದಲ್ಲಿ ಕೊಟ್ಟಿಲ್ಲ.’
ಈ ಗದ್ಯಭಾಗದ ಆಶಯವೇನು? – ‘ಮಳೆ ಬರಬಾರದು ಎಂಬುದು.’
‘ಮೊಮ್ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ’ – ಈ ವಾಕ್ಯದ ಧ್ವನಿ ಏನು? – ‘ಪಟಪಟ.’
ನಿರೂಪಕ ಯಾರು? – ‘ಮೊಮ್ಮಗ.’
‘ಪಟಪಟ’ ವ್ಯಾಕರಣದಲ್ಲಿ ಏನು? – ‘ಅನುಕರಣಾವ್ಯಯ.’ ಇದೊಂದು ಸರಿ.

ಇಂಥ ಪದಗಳ ಪಟ್ಟಿ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಬಾಯಿಪಾಠ ಮಾಡಿಸಿಬಿಡುತ್ತೇನೆ.

ಸಕಲೇಶಪುರ ರೈಟರ್
ಭಾನುವಾರ, ರಾತ್ರಿ 9:41

ಧ್ವನಿ ‘ಪಟಪಟ’! ಮೇಡಂ, ನಿಮ್ಮ ಮಗಳಿಗೆ ನನ್ನದೊಂದು ಮಾರ್ಕು. ನಮ್ಮ ತೋಟದ ಲೈನ್ ಮನೆಯ ಹುಡುಗನೊಬ್ಬ ‘ಈ ಕಥೆಯ ಮುಖ್ಯ ಪಾತ್ರ ಯಾವುದು’ ಎಂಬುದಕ್ಕೆ ‘ಹೇಮಾವತಿ’ ಅಂತ ಬರೆದಿದ್ದ. ಕಥೆಯಲ್ಲಿ ನದಿ ಬರುತ್ತಿತ್ತು. ಸಮಾಜ ಪಾಠದಲ್ಲಿ ‘ನದಿಯ ಪಾತ್ರ’ ಅಂತ ಓದಿದ್ದ. ಅವನ ತಂಗಿ ಇನ್ನೂ ಮುಂದೆ ಹೋಗಿ ‘ಕೊಡಪಾನ’ ಅಂದಳಂತೆ.

ಅರಸೀಕೆರೆ ಟೀಚರ್
ಭಾನುವಾರ, ರಾತ್ರಿ 10:05

ನಾನು ಇಂಗ್ಲಿಷ್ ಪಾಠ ಮಾಡುವವಳು, ಆದರೂ ಹೇಳುತ್ತೇನೆ. ಬಾಯಿಪಾಠಕ್ಕೆ ಇಳಿಯಬೇಡಿ ಅಕ್ಕಾ. ನಿಮ್ಮ ಮಗಳ ತಪ್ಪು ಉತ್ತರಗಳನ್ನೇ ಇನ್ನೊಮ್ಮೆ ನೋಡಿ. ಅವಳಿಗೆ ಗೊತ್ತಿಲ್ಲದ ಪದ ಒಂದೂ ಇಲ್ಲ. ಊಹೆ ಗೊತ್ತು, ಆಶಯ ಗೊತ್ತು, ಧ್ವನಿ ಗೊತ್ತು. ಮನೆಯಲ್ಲಿ ಒಂದು ಅರ್ಥ, ಪ್ರಶ್ನೆಪತ್ರಿಕೆಯಲ್ಲಿ ಇನ್ನೊಂದು. ಪೂರಾ ಹೊಸ ಪದವಾದರೆ ಮಗು ಬಂದು ಕೇಳುತ್ತದೆ. ಗೊತ್ತಿರುವ ಪದವಾದರೆ ಕೇಳುವುದೇ ಇಲ್ಲ, ಬರೆದುಬಿಡುತ್ತದೆ.

ಇಂಗ್ಲಿಷ್‌ನಲ್ಲೂ ಇದೇ ಗೋಳು. ‘ಪಾಯಿಂಟ್ ಆಫ್ ವ್ಯೂ’ ಅಂದರೆ ಮಕ್ಕಳು ಅಭಿಪ್ರಾಯ ಬರೆಯುತ್ತಾರೆ. ಕಥೆಯ ಪಾಠದಲ್ಲಿ ಅದು ‘ಕಥೆ ಹೇಳುತ್ತಿರುವವರು ಯಾರು, ನಾನು ಅಂತಲೋ ಅವನು ಅಂತಲೋ’ ಎಂಬ ಪ್ರಶ್ನೆ. ‘ಟೋನ್’ ಬರೆದವರ ಮನೋಭಾವ, ‘ಮೂಡ್’ ಓದುವವರಿಗೆ ಆಗುವ ಭಾವ. ಎರಡನ್ನೂ ಕಲಸಿಬಿಡುತ್ತಾರೆ.

ಕಡೂರು ತೆಂಗು
ಸೋಮವಾರ, ಬೆಳಿಗ್ಗೆ 6:10

ನನಗೆ ಒಂದು ತಕರಾರು ಇದೆ. ಎರಡನೇ ಉತ್ತರ ತಪ್ಪು ಹೇಗಾಯಿತು? ಆಶಯ ಅಂದರೆ ಬಯಕೆ. ಮಳೆ ಬರಬಾರದು ಅಂತ ಅಜ್ಜಿ ಬಯಸಿದ್ದು ನಿಜ ತಾನೆ? ಕಣದಲ್ಲಿ ಕಾಫಿ ಒಣಗುವಾಗ ಮಳೆ ಬರಲಿ ಅಂತ ಯಾರು ಬಯಸುತ್ತಾರೆ? ಬದುಕು ಗೊತ್ತಿರುವ ಮಗು ಬರೆದ ಉತ್ತರ ಅದು. ಮಾರ್ಕು ಕಡಿದವರಿಗೆ ಕಣದ ಕಷ್ಟ ಗೊತ್ತಿಲ್ಲ ಅಷ್ಟೆ.

ಬೇಲೂರು ಮೇಷ್ಟ್ರು
ಸೋಮವಾರ, ಬೆಳಿಗ್ಗೆ 8:30

ನಿವೃತ್ತ ಕನ್ನಡ ಮೇಷ್ಟ್ರು ನಾನು. ಬೆಳಿಗ್ಗೆ ಕಾಫಿ ಜೊತೆ ಇದನ್ನು ಓದಿ ಖುಷಿಯಾಯಿತು.

ಕಡೂರಿನವರೇ, ನಿಮ್ಮ ಸಿಟ್ಟು ಸರಿ. ಆದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ‘ಅಜ್ಜಿಯ ಆಶಯವೇನು’ ಅಂತ ಕೇಳಿಲ್ಲ. ‘ಗದ್ಯಭಾಗದ ಆಶಯವೇನು’ ಅಂತ ಕೇಳಿದ್ದಾರೆ. ಸಾಹಿತ್ಯ ಸಮ್ಮೇಳನದಲ್ಲಿ ‘ಆಶಯ ಭಾಷಣ’ ಅಂತ ಇರುತ್ತದೆ ಅಲ್ವಾ? ಅದು ಭಾಷಣಕಾರರ ಬಯಕೆಯ ಪಟ್ಟಿ ಅಲ್ಲ. ಮುಂದಿನ ಮಾತೆಲ್ಲ ಯಾವ ವಿಚಾರದ ಸುತ್ತ ನಡೆಯಬೇಕು ಅಂತ ಹೇಳುವುದು. ಗದ್ಯಭಾಗಕ್ಕೂ ಹಾಗೇ. ಇಲ್ಲಿ ನಡೆದದ್ದು ಮಳೆ. ಹೇಳಿದ್ದು ಏನು? ಕಂಡುಂಡವರ ಕಣ್ಣಿಗೆ ಕಾಣುವುದು ಕ್ಯಾಲೆಂಡರ್ ನೋಡುವವರಿಗೆ ಕಾಣುವುದಿಲ್ಲ ಅಂತ. ಹಾಗಂತ ನಾನು ತಿದ್ದಿದ್ದರೆ ಆ ಮಗುವಿಗೆ ಸೊನ್ನೆ ಕೊಡುತ್ತಿರಲಿಲ್ಲ. ಅರ್ಧ ಕೊಟ್ಟು ಕರೆದು ಮಾತಾಡಿಸುತ್ತಿದ್ದೆ.

ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಹೀಗೆ. ‘ವಿಷಯ’ ಅಂದರೆ ಯಾವುದರ ಬಗ್ಗೆ. ‘ಸಾರಾಂಶ’ ಅಂದರೆ ಏನೇನು ನಡೆಯಿತು, ಚಿಕ್ಕದಾಗಿ. ‘ಆಶಯ’ ಅಂದರೆ ಅದೆಲ್ಲ ಸೇರಿ ಏನು ಹೇಳಿದಂತಾಯಿತು. ವಿಷಯವನ್ನು ಒಂದು ಮಾತಲ್ಲಿ ಹೇಳಬಹುದು: ‘ಅಜ್ಜಿ ಮತ್ತು ಮಳೆ.’ ಆಶಯಕ್ಕೆ ಪೂರ್ತಿ ವಾಕ್ಯ ಬೇಕು. ಒಂದು ಪದದಲ್ಲಿ ಬರೆದಿದ್ದರೆ ಅದು ಆಶಯ ಅಲ್ಲ, ವಿಷಯ.

ಇನ್ನು ಧ್ವನಿ. ಇದು ಹಳೆಯ ಪದ. ಒಂಬತ್ತನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕಾವ್ಯದ ಜೀವವೇ ಧ್ವನಿ ಅಂದ. ಬಾಯಿ ಬಿಟ್ಟು ಹೇಳದೆ ತಿಳಿಯುವಂತೆ ಮಾಡುವುದು. ಗಂಟೆ ಬಾರಿಸಿದ ಮೇಲೂ ಅನುರಣನ ಉಳಿಯುತ್ತದಲ್ಲ, ಹಾಗೆ. ‘ತಲೆ ಎತ್ತಲಿಲ್ಲ’ ಅಂದರೆ ಕತ್ತು ನೋವು ಅಂತಲ್ಲ. ನಾಚಿಕೆಯಾಯಿತು. ಆ ಪದ ಬರೆದಿಲ್ಲ, ಆದರೂ ಕೇಳಿಸುತ್ತದೆ. ‘ಪಟಪಟ’ ಬರೆದ ಹುಡುಗಿಗೆ ಇದನ್ನು ಹೇಳಿ: ಸದ್ದು ಹಂಚಿನ ಮೇಲೆ, ಧ್ವನಿ ತಟ್ಟೆಯಲ್ಲಿ.

ಮೂಡಿಗೆರೆ ಅಮ್ಮ
ಸೋಮವಾರ, ಬೆಳಿಗ್ಗೆ 9:02

ಮೇಷ್ಟ್ರೇ, ಕೊನೆಯ ಸಾಲನ್ನು ಬರೆದು ಗೋಡೆಗೆ ಅಂಟಿಸಿದೆ. ಮೊದಲನೇ ಪ್ರಶ್ನೆಗೆ ‘ಕೊಟ್ಟಿಲ್ಲ’ ಅಂತ ಯಾಕೆ ಬರೆದೆ ಅಂತ ಕೇಳಿದೆ. ‘ಪರೀಕ್ಷೆಯಲ್ಲಿ ಊಹೆ ಮಾಡಿ ಬರೀಬೇಡ ಅಂತ ನೀನೇ ಹೇಳಿದ್ದೀಯಲ್ಲ’ ಅಂದಳು. ನಾನು ಸುಮ್ನೆ ಒಳಗೆ ಹೋದೆ.

ಅರಸೀಕೆರೆ ಟೀಚರ್
ಸೋಮವಾರ, ಮಧ್ಯಾಹ್ನ 1:15

ಅಯ್ಯೋ, ಇದು ನಾವೆಲ್ಲ ಮಾಡಿದ ತಪ್ಪು. ‘ಊಹೆ ಮಾಡಿ ಬರೀಬೇಡ’ ಅಂತ ಐದು ವರ್ಷ ಹೇಳಿ, ಆರನೇ ಕ್ಲಾಸಿನಲ್ಲಿ ‘ಊಹಿಸಿ ಬರೆಯಿರಿ’ ಅಂತ ಪ್ರಶ್ನೆ ಕೊಡುತ್ತೇವೆ. ಮಗು ಏನು ಮಾಡಬೇಕು?

ನಾನು ಕ್ಲಾಸಿನಲ್ಲಿ ‘ಇನ್‌ಫರ್’ ಅನ್ನುವ ಪದಕ್ಕೆ ಎರಡು ಕೈ ತೋರಿಸುತ್ತೇನೆ. ಒಂದು ಕೈಯಲ್ಲಿ ಗದ್ಯಭಾಗದ ಸಾಲು, ಇನ್ನೊಂದರಲ್ಲಿ ನಮಗೆ ಮೊದಲೇ ಗೊತ್ತಿರುವ ಸಂಗತಿ. ಎರಡೂ ಸೇರಿದರೆ ಉತ್ತರ. ಒಂದೇ ಕೈ ಇದ್ದರೆ ಅದು ಬರೀ ಊಹೆ, ಮಾರ್ಕಿಲ್ಲ. ಅಜ್ಜಿ ಮೋಡ ನೋಡಿ ಟಾರ್ಪಲ್ ಎಳೆದಳು, ಇದು ಸಾಲು. ಒಣಗಿದ ಕಾಫಿ ನೆನೆದರೆ ಹಾಳು, ಇದು ನಮಗೆ ಗೊತ್ತಿರುವುದು. ಆದ್ದರಿಂದ ಅಜ್ಜಿ ಅನುಭವಸ್ಥೆ, ಮುನ್ನೆಚ್ಚರಿಕೆಯವಳು. ಬೆಂಗಳೂರಿನ ಮಗುವಿಗಿಂತ ಮೂಡಿಗೆರೆ ಮಗುವಿಗೆ ಈ ಪ್ರಶ್ನೆ ಸುಲಭ ಆಗಬೇಕಿತ್ತು!

ಬೇಲೂರು ಮೇಷ್ಟ್ರು
ಸೋಮವಾರ, ಮಧ್ಯಾಹ್ನ 2:40

ಟೀಚರ್ ಹೇಳಿದ್ದಕ್ಕೆ ತರ್ಕಶಾಸ್ತ್ರದಲ್ಲಿ ‘ಅನುಮಾನ’ ಅಂತಲೇ ಹೆಸರು. ಬೆಟ್ಟದ ಮೇಲೆ ಹೊಗೆ ಕಂಡಿತು, ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಮನೆಯಲ್ಲಿ ಅನುಮಾನ ಅಂದರೆ ಸಂಶಯ, ಗಂಡ ಹೆಂಡತಿ ಜಗಳ. ಒಂದೇ ಪದ ನೋಡಿ, ಎಲ್ಲಿಂದ ಎಲ್ಲಿಗೆ ಬಂತು!

ಇನ್ನೂ ಇವೆ. ‘ವಸ್ತು’ ಸಾಮಾನೂ ಹೌದು, ಕಥಾವಸ್ತುವೂ ಹೌದು. ‘ಅಂಕ’ ಮಾರ್ಕೂ ಹೌದು, ನಾಟಕದ ಭಾಗವೂ ಹೌದು. ‘ಸಂಧಿ’ ವ್ಯಾಕರಣದಲ್ಲೊಂದು, ಕಾವ್ಯದಲ್ಲಿ ಅಧ್ಯಾಯ, ಊರಲ್ಲಿ ಎರಡು ಮನೆ ನಡುವಿನ ಇರುಕು. ‘ವಚನ’ ಅಂದರೆ ಕೊಟ್ಟ ಮಾತು, ಏಕವಚನ ಬಹುವಚನ, ಬಸವಣ್ಣನವರ ವಚನ, ಮೂರೂ. ‘ಭಾವ’ ಅಂದರೆ ಅಕ್ಕನ ಗಂಡ ಅಂತ ಬರೆದ ಹುಡುಗನೂ ನನ್ನ ಕ್ಲಾಸಿನಲ್ಲಿದ್ದ. ಅವನ ಅಕ್ಕನ ಮದುವೆ ಹಿಂದಿನ ವಾರ ಆಗಿತ್ತು ಪಾಪ.

ಸಕಲೇಶಪುರ ರೈಟರ್
ಸೋಮವಾರ, ರಾತ್ರಿ 8:12

ನಾಲ್ಕನೇ ಪ್ರಶ್ನೆ ಬಿಟ್ಟುಹೋಯಿತು. ನಿರೂಪಕ ಯಾರು? ಕಥೆ ಬರೆದವರ ಹೆಸರು ಹಾಕಿದರೆ ಆಗುವುದಿಲ್ವಾ?

ಬೇಲೂರು ಮೇಷ್ಟ್ರು
ಸೋಮವಾರ, ರಾತ್ರಿ 8:50

ಆಗುವುದಿಲ್ಲ ರೈಟರೇ. ಬರೆದವರು ಲೇಖಕ. ಕಥೆಯೊಳಗೆ ನಿಂತು ಹೇಳುತ್ತಿರುವ ದನಿ ನಿರೂಪಕ. ಅರವತ್ತರ ಮುದುಕ ಎಂಟು ವರ್ಷದ ಹುಡುಗಿಯ ಬಾಯಲ್ಲಿ ಕಥೆ ಹೇಳಿಸಬಹುದು.

ಕನ್ನಡದಲ್ಲಿ ಇದನ್ನು ಹಿಡಿಯುವುದು ಸುಲಭ, ಆದರೆ ಮಕ್ಕಳು ತಪ್ಪು ಕಡೆ ನೋಡುತ್ತಾರೆ. ‘ನಾನು’ ಎಲ್ಲಿದೆ ಅಂತ ಹುಡುಕುತ್ತಾರೆ. ಕನ್ನಡದಲ್ಲಿ ‘ನಾನು’ ಇಲ್ಲದೆಯೂ ವಾಕ್ಯ ನಡೆಯುತ್ತದೆ. ಕ್ರಿಯಾಪದದ ಬಾಲ ನೋಡಬೇಕು. ‘ನಕ್ಕೆ’ ಅಂತಿದ್ದರೆ ಮೊಮ್ಮಗನೇ ನಿರೂಪಕ. ಇಲ್ಲಿ ‘ನಕ್ಕ’ ಅಂತಿದೆ. ಹೇಳುತ್ತಿರುವವನು ಹೊರಗಿದ್ದಾನೆ. ಒಂದು ಸ್ವರದ ವ್ಯತ್ಯಾಸ. ಆ ಹುಡುಗಿಗೆ ಗದ್ಯಭಾಗವನ್ನು ಪೂರ್ತಿ ‘ನಕ್ಕೆ’, ‘ತಲೆ ಎತ್ತಲಿಲ್ಲ ನಾನು’ ಅಂತ ತಿರುಗಿಸಿ ಬರೆಯಲು ಹೇಳಿ. ಆಮೇಲೆ ಅವಳೇ ನಿಮಗೆ ಪಾಠ ಮಾಡುತ್ತಾಳೆ.

ಹಾಸನದ ಪಿಯು ಹುಡುಗಿ
ಮಂಗಳವಾರ, ಸಂಜೆ 5:30

ನಾನು ಎಂಟನೇ ಕ್ಲಾಸಿನಲ್ಲಿ ಎನ್‌ಎಂಎಂಎಸ್ ಬರೆದು ಪಾಸಾದವಳು. ಗೊತ್ತಿಲ್ಲದವರಿಗೆ: ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಇರುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಅದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಅಂದರೆ ಪ್ರಶ್ನೆಗೆ ಒಂದು ನಿಮಿಷ. ಪ್ರಶ್ನೆಯನ್ನು ಎರಡು ಸಲ ಓದಬೇಕಾಗಿ ಬಂದರೆ ಅಲ್ಲೇ ಸಮಯ ಹೋಯಿತು.

ನನಗೆ ತೊಂದರೆ ಕೊಟ್ಟದ್ದು ಸಾಹಿತ್ಯದ ಪದ ಅಲ್ಲ. ‘ಕ್ರಮವಾಗಿ’, ‘ಅನುಕ್ರಮ’, ‘ಹೊರತುಪಡಿಸಿ’, ‘ಕನಿಷ್ಠ’, ‘ಪರಸ್ಪರ’ – ಇವು. ‘ಕ್ರಮವಾಗಿ’ ಅಂದರೆ ನೀಟಾಗಿ ಅಂತ ತುಂಬಾ ದಿನ ಅಂದುಕೊಂಡಿದ್ದೆ. ‘ರಾಮ ಮತ್ತು ಸೋಮನ ಬಳಿ ಕ್ರಮವಾಗಿ 5 ಮತ್ತು 8 ಪೆನ್ನುಗಳಿವೆ’ ಅಂದರೆ ಮೊದಲನೆಯದು ಮೊದಲನೆಯವನದು, ಎರಡನೆಯದು ಎರಡನೆಯವನದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಂದು, ‘ಸರಿಯಲ್ಲದ ಹೇಳಿಕೆ ಗುರುತಿಸಿ’. ಕಣ್ಣು ‘ಸರಿ’ ನೋಡುತ್ತದೆ, ‘ಅಲ್ಲದ’ ಹಾರಿಸುತ್ತದೆ. ಅಭ್ಯಾಸ ಪತ್ರಿಕೆಯಲ್ಲಿ ಹೀಗೇ ಐದಾರು ಮಾರ್ಕು ಕಳೆದುಕೊಂಡ ಮೇಲೆ ‘ಅಲ್ಲದ’, ‘ಇಲ್ಲದ’, ‘ಹೊರತು’ ಕಂಡ ಕೂಡಲೇ ಸುತ್ತ ಗೀಟು ಹಾಕುವುದು ಕಲಿತೆ.

ಅರಸೀಕೆರೆ ಟೀಚರ್
ಮಂಗಳವಾರ, ಸಂಜೆ 6:20

ಪುಟ್ಟಿ, ಬಂಗಾರದಂಥ ಮಾತು. ಪ್ರಶ್ನೆಯ ಕ್ರಿಯಾಪದಗಳೂ ಹಾಗೇ. ಪಟ್ಟಿ ಮಾಡಿ ಅಂದಲ್ಲಿ ಪ್ರಬಂಧ ಬರೆಯುತ್ತಾರೆ, ಹೋಲಿಸಿ ಅಂದಲ್ಲಿ ಒಂದರ ಬಗ್ಗೆ ಮಾತ್ರ ಬರೆಯುತ್ತಾರೆ.

ಕಡೂರು ತೆಂಗು
ಮಂಗಳವಾರ, ರಾತ್ರಿ 9:00

ವಾಟ್ಸಾಪ್‌ನಲ್ಲಿ ಯಾರೋ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಅಂತ ಪಿಡಿಎಫ್ ಕಳಿಸಿದ್ದಾರೆ. 570 ಇಂಗ್ಲಿಷ್ ಪದ. ಮಗ ಆರನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ದಿನಕ್ಕೆ ಹತ್ತು ಕಲಿಸಿದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿದೆ. ಸರಿನಾ?

ಅರಸೀಕೆರೆ ಟೀಚರ್
ಮಂಗಳವಾರ, ರಾತ್ರಿ 9:25

ಬೇಡ ಅಣ್ಣಾ! ಆವ್ರಿಲ್ ಕಾಕ್ಸ್‌ಹೆಡ್ ಅನ್ನುವವರು 2000ರಲ್ಲಿ ಪ್ರಕಟಿಸಿದ ಪಟ್ಟಿ ಅದು. ವಿಶ್ವವಿದ್ಯಾಲಯದಲ್ಲಿ ಓದುವವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. 570 ಪದ ಕೂಡ ಅಲ್ಲ, 570 ಪದಗಳ ಕುಟುಂಬ. ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಎಲ್ಲ ಸೇರಿ ಒಂದು ಮನೆ. ನಿಮ್ಮ ಲೆಕ್ಕ ಎರಡು ತಿಂಗಳಲ್ಲಿ ನಿಲ್ಲುವುದಿಲ್ಲ.

ಅಮೆರಿಕದ ಇಸಬೆಲ್ ಬೆಕ್ ಮತ್ತು ಜೊತೆಯವರು ಪದಗಳನ್ನು ಮೂರು ಅಟ್ಟವಾಗಿ ಇಟ್ಟಿದ್ದಾರೆ. ಕೆಳಗಿನ ಅಟ್ಟದಲ್ಲಿ ಮಾತಾಡುತ್ತಾ ತಾನಾಗಿ ಬರುವ ಪದ: ಮನೆ, ಓಡು, ಹಸಿವು. ಮೇಲಿನ ಅಟ್ಟದಲ್ಲಿ ಒಂದೇ ವಿಷಯಕ್ಕೆ ಸೇರಿದ್ದು: ದ್ಯುತಿಸಂಶ್ಲೇಷಣೆ, ಲಂಬಕೋನ. ಅದನ್ನು ಆ ವಿಷಯದ ಮೇಷ್ಟ್ರು ಹೇಳಿಕೊಡುತ್ತಾರೆ. ನಡುವಿನ ಅಟ್ಟವೇ ಅನಾಥ. ಹೋಲಿಸು, ಪರಿಣಾಮ, ಪ್ರಮುಖ, ಸೂಚಿಸು, ಪುರಾವೆ. ಎಲ್ಲ ವಿಷಯದಲ್ಲೂ ಬರುತ್ತವೆ, ಯಾರ ಪಾಠಕ್ಕೂ ಸೇರಿಲ್ಲ. ವಾರಕ್ಕೆ ನಾಲ್ಕೈದು ಸಾಕು. ಒಂದನ್ನು ಮನೆಯಲ್ಲೇ ಹತ್ತು ಸಲ ಬಳಸಿ. ‘ನೀನು ಹಲ್ಲುಜ್ಜಿದ್ದಕ್ಕೆ ಪುರಾವೆ ಏನು?’ ಅಂತ ಕೇಳಿ.

ಬೇಲೂರು ಮೇಷ್ಟ್ರು
ಬುಧವಾರ, ಬೆಳಿಗ್ಗೆ 7:45

ಕ್ರಿಯಾಪದದ ಮಾತು ಬಂತು, ನನ್ನದೊಂದು ಹಳೆಯ ಅಭ್ಯಾಸ ಹೇಳುತ್ತೇನೆ. ಮಕ್ಕಳನ್ನು ಚೆನ್ನಕೇಶವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ದರ್ಪಣ ಸುಂದರಿಯ ಕೆಳಗೆ ನಿಲ್ಲಿಸುತ್ತಿದ್ದೆ. ‘ವರ್ಣಿಸಿ’ ಅಂದರೆ ಕಣ್ಣಿಗೆ ಕಂಡದ್ದು: ಕನ್ನಡಿ, ಬಳೆ, ಮೈಯ ಬಳುಕು. ‘ವಿವರಿಸಿ’ ಅಂದರೆ ಹೇಗೆ, ಏನು ಅಂತ ಬಿಡಿಸಿ ಹೇಳುವುದು: ಅವಳು ಅಷ್ಟು ಎತ್ತರದಲ್ಲಿ, ಕಂಬದ ತಲೆಗೂ ಚಾವಣಿಗೂ ನಡುವೆ ಹೇಗೆ ಓರೆಯಾಗಿ ನಿಂತಿದ್ದಾಳೆ. ‘ಕಾರಣ ಕೊಡಿ’ ಅಂದರೆ, ಇಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು ಯಾಕೆ? ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುತ್ತದೆ. ‘ಹೋಲಿಸಿ’ ಅಂದರೆ ಹಳೇಬೀಡಿನ ಹೆಸರೂ ಬರಲೇಬೇಕು: ಅಲ್ಲಿ ಎರಡು ಗರ್ಭಗುಡಿ, ಇಲ್ಲಿ ಒಂದು. ನಾಲ್ಕು ಪದವೂ ಒಂದೇ ಕಲ್ಲಿನ ಮುಂದೆ ತಲೆಗೆ ಹೋಗುತ್ತಿತ್ತು. ಮತ್ತೆ ಯಾವ ಹುಡುಗನೂ ವರ್ಣಿಸಿ ಮತ್ತು ವಿವರಿಸಿ ಕಲಸಿದ್ದು ನನಗೆ ನೆನಪಿಲ್ಲ.

ಮೂಡಿಗೆರೆ ಅಮ್ಮ
ಬುಧವಾರ, ಬೆಳಿಗ್ಗೆ 10:30

ಮೇಷ್ಟ್ರೇ, ಅಲಂಕಾರದ ಬಗ್ಗೆಯೂ ಹೇಳಿಬಿಡಿ. ಉಪಮೆ ಹುಡುಕು ಅಂದರೆ ‘ಅಂತೆ’ ಇರುವ ವಾಕ್ಯಕ್ಕೆಲ್ಲ ಗೀಟು ಹಾಕುತ್ತಾಳೆ. ‘ನಾಳೆ ರಜೆಯಂತೆ’ ಅನ್ನುವುದಕ್ಕೂ!

ಬೇಲೂರು ಮೇಷ್ಟ್ರು
ಬುಧವಾರ, ಬೆಳಿಗ್ಗೆ 11:20

ಅದು ಯಾರೋ ಹೇಳಿದ ಸುದ್ದಿಯ ‘ಅಂತೆ’, ಹೋಲಿಕೆಯ ‘ಅಂತೆ’ ಅಲ್ಲ. ಪರೀಕ್ಷಿಸಲು ಒಂದು ಉಪಾಯ ಇದೆ. ‘ಅಂತೆ’ ತೆಗೆದು ‘ಹಾಗೆ’ ಹಾಕಿ. ‘ಚಂದ್ರನಂತೆ ಹೊಳೆಯಿತು’, ‘ಚಂದ್ರನ ಹಾಗೆ ಹೊಳೆಯಿತು’ – ಕೂರುತ್ತದೆ. ‘ನಾಳೆ ರಜೆಯ ಹಾಗೆ’ – ಕೂರುವುದಿಲ್ಲ.

ಉಳಿದದ್ದಕ್ಕೆ ನಿಮ್ಮ ಊರಿನ ಮಂಜೇ ಸಾಕು. ‘ಮಂಜು ಹತ್ತಿಯ ಹಾಗೆ ಬೆಳ್ಳಗಿತ್ತು’, ಉಪಮೆ. ಮಂಜು ಉಪಮೇಯ, ಹತ್ತಿ ಉಪಮಾನ, ಹಾಗೆ ಉಪಮಾವಾಚಕ, ಬಿಳುಪು ಸಮಾನಧರ್ಮ. ‘ಗುಡ್ಡ ಮಂಜಿನ ಕಂಬಳಿ ಹೊದ್ದಿತ್ತು’, ರೂಪಕ. ಹಾಗೆ ಗೀಗೆ ಇಲ್ಲ, ಮಂಜೇ ಕಂಬಳಿ. ‘ಚಳಿ ತಡೆಯಲಾರದೆ ಗುಡ್ಡ ಕಂಬಳಿ ಹೊದ್ದುಕೊಂಡಿತೋ ಎಂಬಂತೆ ಮಂಜು ಕವಿದಿತ್ತು’, ಇದು ಉತ್ಪ್ರೇಕ್ಷೆ. ಇಲ್ಲಿ ಜೋಪಾನ. ದಿನಬಳಕೆಯಲ್ಲಿ ಉತ್ಪ್ರೇಕ್ಷೆ ಅಂದರೆ ಬೂಸಿ ಬಿಡುವುದು. ಅಲಂಕಾರದಲ್ಲಿ ಅದು ಒಂದನ್ನು ಇನ್ನೊಂದಾಗಿ ಕಲ್ಪಿಸುವುದು. ಬೂಸಿಗೆ ಅಲ್ಲಿರುವ ಹೆಸರು ಅತಿಶಯೋಕ್ತಿ.

ಕಡೂರು ತೆಂಗು
ಬುಧವಾರ, ಮಧ್ಯಾಹ್ನ 12:05

ಉಪಮೆ ಅಂದಮೇಲೆ ನಮ್ಮ ತಾಲ್ಲೂಕನ್ನು ಮರೆತರೆ ಹೇಗೆ ಮೇಷ್ಟ್ರೇ? ಜೈಮಿನಿ ಭಾರತದ ಲಕ್ಷ್ಮೀಶ ನಮ್ಮ ದೇವನೂರಿನವನು. ಅವನಿಗೆ ‘ಉಪಮಾಲೋಲ’ ಅಂತಲೇ ಬಿರುದು.

ಬೇಲೂರು ಮೇಷ್ಟ್ರು
ಬುಧವಾರ, ಮಧ್ಯಾಹ್ನ 12:40

ಮರೆತದ್ದು ನನ್ನ ತಪ್ಪು, ಒಪ್ಪಿದೆ. ಗದುಗಿನ ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಅನ್ನುತ್ತಾರೆ. ಮಕ್ಕಳಿಗೆ ಹೀಗೇ ಹೇಳಿ: ಕಡೂರು ಕಡೆ ಹೋದರೆ ಉಪಮೆ, ಗದಗ ಕಡೆ ಹೋದರೆ ರೂಪಕ.

ಸಕಲೇಶಪುರ ರೈಟರ್
ಗುರುವಾರ, ರಾತ್ರಿ 8:30

ನನ್ನ ಚಿಕ್ಕವನು ಐದನೇ ಕ್ಲಾಸು. ನವೋದಯ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಬರೆಸಬೇಕು ಅಂತ ಇದೆ. ಮಾವಿನಕೆರೆ ಶಾಲೆ ನೋಡಿ ಬಂದೆವು. ಅಲ್ಲಿಯ ಭಾಷೆಯ ಭಾಗಕ್ಕೂ ಇದೇ ತಯಾರಿ ಸಾಕಾ?

ಅರಸೀಕೆರೆ ಟೀಚರ್
ಗುರುವಾರ, ರಾತ್ರಿ 9:10

ಬಹುತೇಕ ಸಾಕು. ಒಟ್ಟು 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ. ಕನ್ನಡದಲ್ಲೇ ಬರೆಯಬಹುದು. ಎಲ್ಲ ಆಯ್ಕೆಯ ಉತ್ತರ, ಹಾಗಾಗಿ ಬಲೆ ಬೇರೆ ಥರ. ತಪ್ಪು ಆಯ್ಕೆ ಸುಳ್ಳೇ ಆಗಿರಬೇಕು ಅಂತ ಮಕ್ಕಳು ತಿಳಿಯುತ್ತಾರೆ. ಆದರೆ ಗದ್ಯಭಾಗದಲ್ಲಿ ನಿಜವಾಗಿ ಇರುವ ಸಂಗತಿಯನ್ನೇ ತಪ್ಪು ಆಯ್ಕೆಯಾಗಿ ಇಟ್ಟಿರುತ್ತಾರೆ. ನಿಜ, ಆದರೆ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ.

ಅಜ್ಜಿಯ ಗದ್ಯಭಾಗಕ್ಕೇ ಸೂಕ್ತ ಶೀರ್ಷಿಕೆ ಕೇಳಿ ನೋಡಿ. ‘ಮಳೆ’, ‘ಟಾರ್ಪಲ್’, ‘ಅಜ್ಜಿಯ ಕಣ್ಣು’, ‘ಕಾಫಿ ಕುಯ್ಲು’. ಮಳೆ ಬಂದದ್ದು ನಿಜ, ಆದರೆ ಅಂಗಿ ತುಂಬಾ ದೊಡ್ಡದು. ಟಾರ್ಪಲ್ ಎಳೆದದ್ದು ನಿಜ, ಅಂಗಿ ತುಂಬಾ ಚಿಕ್ಕದು. ಕುಯ್ಲಿನ ಮಾತೇ ಇಲ್ಲ. ಮೈಗೆ ಕೂರುವುದು ಒಂದೇ.

ಮೂಡಿಗೆರೆ ಅಮ್ಮ
ಭಾನುವಾರ, ಸಂಜೆ 7:15

ಒಂದು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ಪಟ್ಟಿ ಮಾಡಲಿಲ್ಲ. ಮೇಷ್ಟ್ರು ಹೇಳಿದಂತೆ ಗದ್ಯಭಾಗವನ್ನು ‘ನಾನು’ ಹಾಕಿ ತಿರುಗಿಸಿ ಬರೆಸಿದೆ. ‘ಅಜ್ಜಿ ಉತ್ತರ ಕೊಡಲಿಲ್ಲ’ ಅನ್ನುವಲ್ಲಿ ಪೆನ್ನು ನಿಲ್ಲಿಸಿದಳು. ‘ಅಮ್ಮಾ, ಇದೂ ಧ್ವನಿನಾ? ಅಜ್ಜಿಗೆ ವಾದ ಬೇಕಿಲ್ಲ, ಮಳೆ ಬಂದೇ ಬರುತ್ತೆ ಅಂತ ಗೊತ್ತು, ಅಲ್ವಾ?’ ಅಂದಳು. ನಾನು ಆ ಸಾಲನ್ನು ಗಮನಿಸಿಯೇ ಇರಲಿಲ್ಲ.

ನಿನ್ನೆ ಹೊಸ ಗದ್ಯಭಾಗ, ಹತ್ತಕ್ಕೆ ಏಳು. ಹೋದ ಮೂರರಲ್ಲಿ ಒಂದು ಮತ್ತೆ ‘ಸರಿಯಲ್ಲದ’ ಓದದೆ ಹೋದದ್ದು. ಈಗ ಗೀಟು ಹಾಕಲು ಕೆಂಪು ಪೆನ್ಸಿಲ್ ಬೇಕಂತೆ. ಪರೀಕ್ಷೆಗೆ ಬಣ್ಣದ ಪೆನ್ಸಿಲ್ ಬಿಡುತ್ತಾರಾ?

ಹಾಸನದ ಪಿಯು ಹುಡುಗಿ
ಭಾನುವಾರ, ಸಂಜೆ 7:40

ಕೆಂಪು ಬೇಡ ಆಂಟಿ, ಅದು ತಿದ್ದುವವರ ಬಣ್ಣ. ಮಾಮೂಲಿ ಪೆನ್ಸಿಲ್ ಸಾಕು. ಓಎಂಆರ್ ಹಾಳೆ ಇದ್ದರೆ ಅದರ ಮೇಲೆ ಮಾತ್ರ ಏನೂ ಗೀಚಬಾರದು, ಪ್ರಶ್ನೆಪತ್ರಿಕೆ ಮೇಲಷ್ಟೇ.